ಕೊಲೆಗಾರ ಯಾರೆಂದು ಹಾಡಿನ ಪುಸ್ತಕ ಹೇಳುವುದಿಲ್ಲ: ಎರಡು ಸರ್ಕಾರಗಳಿಗೆ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕ ಮತ್ತು ಕೇರಳ ಸರ್ಕಾರಗಳಲ್ಲಿ ಚಲನಚಿತ್ರದ ವ್ಯವಹಾರ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳು.
ಪ್ರತಿ: ಗಡಿನಾಡಿನ ಹಳೆಯ ಮನೆಗಳ ಯಜಮಾನರಿಗೆ ಮತ್ತು ಗುಜರಿ ಅಂಗಡಿಯವರಿಗೆ.

ವಿಷಯ: ಟಾಕಿ (ಮಾತಾಡುವ ಸಿನಿಮಾ) ಶುರುವಾದ ಕಾಲದ ಪತ್ತೇದಾರಿ ಚಿತ್ರಗಳ ರೀಲು, ಹಾಡಿನ ಪುಸ್ತಕ, ನೋಟೀಸುಗಳನ್ನು ಗಡಿಭಾಗದಲ್ಲಿ ಹುಡುಕಿ ಉಳಿಸುವ ಬಗ್ಗೆ.

ಮಾನ್ಯರೇ,

ಎರಡು ಸರ್ಕಾರಗಳಿಗೆ ಒಂದೇ ಪತ್ರ ಬರೆಯುವ ಕ್ರಮ ಇಲ್ಲ ಎಂದು ಗೊತ್ತು. ಬೇರೆ ಬೇರೆಯಾಗಿ ಬರೆದು ನೋಡಿಯಾಯಿತು. ಒಂದು ಕಡೆಯ ಕಚೇರಿಯವರು "ನಿಮ್ಮ ಊರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದರು. ಇನ್ನೊಂದು ಕಡೆಯವರು "ಚಿತ್ರ ನಮ್ಮ ಭಾಷೆಯದ್ದಲ್ಲ" ಎಂದರು. ಕಾಗದದ ಮೇಲೆ ಇಬ್ಬರ ಮಾತೂ ಸರಿ. ಆ ಎರಡು ಸರಿಗಳ ನಡುವೆ ಒಂದು ಚಿತ್ರದ ರೀಲು ಕೊಳೆತು ಹೋಯಿತು. ಅದಕ್ಕೇ ಈಗ ಇಬ್ಬರಿಗೂ ಒಟ್ಟಿಗೆ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಕುಂಬಳೆ ಕಡೆಯವನು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಸಿನಿಮಾ ವಿದ್ವಾಂಸನೇನೂ ಅಲ್ಲ. ಟಾಕಿ ಬಂದ ಮೊದಲ ಹತ್ತು ಹದಿನೈದು ವರ್ಷಗಳ ಕೊಲೆ, ಕಳವು, ಪತ್ತೇದಾರಿ ಚಿತ್ರಗಳೆಂದರೆ ಹುಚ್ಚು, ಅಷ್ಟೆ. ಮನೆಯಲ್ಲಿ ಇದಕ್ಕೆ "ಹೆಣ ಹುಡುಕುವ ಕೆಲಸ" ಎಂದು ಹೆಸರಿಟ್ಟಿದ್ದಾರೆ.

ನಡೆದದ್ದು ಹೀಗೆ. ಬದಿಯಡ್ಕ ಕಡೆಯ ಒಂದು ಹಳೆಯ ಮನೆಯನ್ನು ಬಿಚ್ಚಿ ಹೊಸದು ಕಟ್ಟಲು ಹೊರಟಿದ್ದರು. ಆ ಮನೆಯ ಅಜ್ಜ ಒಂದು ಕಾಲದಲ್ಲಿ ಟೂರಿಂಗ್ ಟಾಕೀಸಿನಲ್ಲಿ ಪಾಲು ಇಟ್ಟಿದ್ದವರು. ಅಟ್ಟದ ಮೇಲೆ ಹರಿದ ಗೋಣಿ, ಬಿರುಕು ಬಿಟ್ಟ ಉಪ್ಪಿನಕಾಯಿ ಭರಣಿಗಳ ಹಿಂದೆ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ತುಕ್ಕು ಹಿಡಿದ ಎರಡು ತಗಡಿನ ಡಬ್ಬ, ಒಂದಿಷ್ಟು ನೋಟೀಸು, ಹೊದಿಕೆ ಹರಿದ ಒಂದು ಹಾಡಿನ ಪುಸ್ತಕ. ಗುಜರಿಗೆ ಹಾಕದೆ ಮನೆಯವರು ನನ್ನನ್ನು ಕರೆದರು. ಅವರಿಗೆ ಈ ಪತ್ರದಲ್ಲೇ ಒಂದು ನಮಸ್ಕಾರ.

ಮೊದಲ ಡಬ್ಬದ ಮುಚ್ಚಳ ಎಬ್ಬಿಸಿದರೆ ಬರೀ ಕಂದು ಪುಡಿ. ಎರಡನೆಯದರಲ್ಲಿ ಮೇಲಿನ ಸುತ್ತುಗಳು ಕರಗಿ ಅಂಟಿಕೊಂಡಿದ್ದವು. ಒಳಗಿನವು ಇನ್ನೂ ಬಿಡಿಸಲು ಬರುವಂತಿದ್ದವು. ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದೆವು. ಬಾಗಿಲ ಹತ್ತಿರ ಒಬ್ಬ ನಿಂತಿದ್ದಾನೆ. ತಲೆಗೆ ಟೋಪಿ, ಅರ್ಧ ಮುಖ ಕತ್ತಲಲ್ಲಿ. ಕೆಳಗಿನ ಚೌಕಗಳಲ್ಲಿ ಅವನ ಬಲಗೈ ಸ್ವಲ್ಪ ಸ್ವಲ್ಪವೇ ಮೇಲೇಳುತ್ತದೆ. ಕೈಯಲ್ಲಿ ಏನಿದೆ ಎಂದು ಕಾಣುವಷ್ಟರಲ್ಲಿ ಫಿಲ್ಮು ಅಂಟಿಕೊಂಡಿತ್ತು. ಚಿತ್ರದ ಪಕ್ಕದಲ್ಲಿ ಉದ್ದಕ್ಕೂ ಏಣಿಯ ಮೆಟ್ಟಿಲಿನಂಥ ಸಣ್ಣ ಸಣ್ಣ ಅಡ್ಡಗೆರೆಗಳು. ಅದು ಧ್ವನಿ. ಅಂದರೆ ಮೂಕಿಯಲ್ಲ, ಟಾಕಿ. ಅಂಚಿನಲ್ಲಿ ಇಂಗ್ಲಿಷಿನಲ್ಲಿ ನೈಟ್ರೇಟ್ ಎಂದು ಅಚ್ಚಾಗಿತ್ತು. ಅದನ್ನು ಓದಿದ ಕೂಡಲೇ ಬೀಡಿ ಸೇದುತ್ತಿದ್ದ ಕೆಲಸದವರನ್ನೆಲ್ಲ ಅಂಗಳಕ್ಕೆ ಕಳಿಸಿದೆವು.

ಗೊತ್ತಿಲ್ಲದವರಿಗಾಗಿ ಎರಡು ಮಾತು. 1950ರ ಸುಮಾರಿನವರೆಗೆ ಥಿಯೇಟರಿಗೆ ಬರುತ್ತಿದ್ದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದ್ದು. ಬಂದೂಕಿನ ಮದ್ದಿಗೆ ಅದು ಹತ್ತಿರದ ನೆಂಟ. ಒಮ್ಮೆ ಹೊತ್ತಿಕೊಂಡರೆ ನೀರು ಸುರಿದರೂ ಆರುವುದಿಲ್ಲ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಸೆಕೆ ಆಗದು, ತೇವ ಆಗದು. ನಮ್ಮ ಕರಾವಳಿಯಲ್ಲಿ ಧಾರಾಳವಾಗಿ ಇರುವುದೇ ಅವೆರಡು. ಮೊದಲು ಚಿತ್ರ ಮಾಸುತ್ತದೆ, ಆಮೇಲೆ ಅಂಟಾಗುತ್ತದೆ, ಗುಳ್ಳೆ ಏಳುತ್ತದೆ, ಗಟ್ಟಿಯಾಗುತ್ತದೆ, ಕೊನೆಗೆ ಪುಡಿ. 2003ರ ಜನವರಿಯಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹದ ನೈಟ್ರೇಟ್ ರೀಲುಗಳಿಗೆ ಬೆಂಕಿ ಬಿದ್ದು ಎಷ್ಟೋ ಹಳೆಯ ಚಿತ್ರಗಳು ಒಂದೇ ದಿನದಲ್ಲಿ ಹೋದವು. ಆದ್ದರಿಂದ ಅಧಿಕಾರಿಗಳು ಹೆದರಿದ್ದರೆ ನಾನು ತಪ್ಪು ಹೇಳುತ್ತಿರಲಿಲ್ಲ. ಆದರೆ ಹೆದರುವಷ್ಟು ದೂರಕ್ಕೂ ಮಾತು ಹೋಗಲಿಲ್ಲ.

ಫೋನು ಮಾಡಿದೆವು, ಪತ್ರ ಬರೆದೆವು, ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದೆವು. ಒಂದು ಕಚೇರಿಯಲ್ಲಿ ಕೇಳಿದ ಮೊದಲ ಪ್ರಶ್ನೆ: "ಯಾವ ಚಿತ್ರ?" ಗೊತ್ತಿಲ್ಲ, ಅದನ್ನು ತಿಳಿಯಲಿಕ್ಕೇ ನಿಮ್ಮ ಸಹಾಯ ಬೇಕು ಎಂದೆ. ಚಿತ್ರದ ಹೆಸರಿಲ್ಲದೆ ಅರ್ಜಿ ತೆಗೆದುಕೊಳ್ಳಲು ಬರುವುದಿಲ್ಲವಂತೆ. ಇನ್ನೊಂದು ಕಡೆ ಭಾಷೆ ಕೇಳಿದರು. ಜೊತೆಗೆ ಸಿಕ್ಕಿದ ಪುಸ್ತಕ ತಮಿಳಿನದ್ದು, ರೀಲೂ ಅದೇ ಇರಬಹುದು ಎಂದೆ. "ಹಾಗಾದರೆ ಚೆನ್ನೈಗೆ ಬರೆಯಿರಿ." ಬರೆದೆ. ವಸ್ತು ಸಿಕ್ಕಿದ ರಾಜ್ಯದ ಸರ್ಕಾರವನ್ನೇ ಸಂಪರ್ಕಿಸಿ ಎಂದು ಅಲ್ಲಿಂದ ಉತ್ತರ ಬಂತು. ಯಾರೂ ಒರಟಾಗಿ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. ಒಬ್ಬರಂತೂ ತುಂಬ ಮರ್ಯಾದೆಯಿಂದ, "ದೇವರ ಚಿತ್ರವಾಗಿದ್ದರೆ ಮೇಲಿನವರಿಗೆ ಹೇಳಿ ನೋಡಬಹುದಿತ್ತು ಸಾರ್, ಇದು ಕ್ರೈಮ್ ಅಲ್ವಾ?" ಎಂದರು.

ಅಷ್ಟರಲ್ಲಿ ಮಳೆ ಹಿಡಿಯಿತು. ಮಳೆ ಬಿಡುವ ಹೊತ್ತಿಗೆ ಎರಡನೇ ಡಬ್ಬದಲ್ಲಿ ಉಳಿದದ್ದು ಒಂದು ಮುದ್ದೆ. ಮನೆಯಲ್ಲಿ ಸಣ್ಣ ಮಕ್ಕಳು, ಪಕ್ಕದಲ್ಲೇ ಕಟ್ಟಡದ ಕೆಲಸ. ಇನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ತಿಳಿದವರನ್ನು ಕೇಳಿ, ತೋಟದಾಚೆ ಖಾಲಿ ಜಾಗದಲ್ಲಿ ಅದನ್ನು ವಿಲೇವಾರಿ ಮಾಡಿದೆವು.

ಆ "ಕ್ರೈಮ್ ಅಲ್ವಾ" ಎಂಬ ಮಾತಿಗೆ ಇಲ್ಲಿ ಉತ್ತರ ಕೊಡಬೇಕು. ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಉದ್ದಕ್ಕೂ ಮಾತೇ ಇದ್ದ ಜಗತ್ತಿನ ಮೊದಲ ಪೂರ್ಣ ಕಥಾಚಿತ್ರ 1928ರ "ಲೈಟ್ಸ್ ಆಫ್ ನ್ಯೂಯಾರ್ಕ್". ವಾರ್ನರ್ ಬ್ರದರ್ಸ್ ತೆಗೆದದ್ದು. ಅದು ದೇವರ ಕಥೆಯಲ್ಲ. ಕ್ಷೌರದಂಗಡಿ, ಅದರ ಮರೆಯಲ್ಲಿ ಕಳ್ಳಸಾರಾಯಿ, ನೈಟ್ ಕ್ಲಬ್ಬು, ಒಂದು ಕೊಲೆ. ಒಂದು ಗಂಟೆಯೂ ಇಲ್ಲ. ಈಗ ನೋಡಿದರೆ ನಗು ಬರುತ್ತದೆ. ಮೈಕು ಅಡಗಿಸಿಟ್ಟ ಕಡೆಯೇ ಎಲ್ಲರೂ ಗುಂಪಾಗಿ ಕೂತು ಒಂದೊಂದೇ ಪದ ಎಳೆದು ಮಾತಾಡುತ್ತಾರೆ. "ಅವನನ್ನು ಮುಗಿಸಿ" ಎಂಬರ್ಥದ ಒಂದು ಮಾತನ್ನು ಕೇಡಿಗಳ ಯಜಮಾನ ಹೇಳಿ ಮುಗಿಸುವುದರೊಳಗೆ ನಾವು ಹೊರಗೆ ಹೋಗಿ ಚಾ ಕುಡಿದು ಬರಬಹುದು. ಆದರೂ ಜನ ಮುಗಿಬಿದ್ದು ನೋಡಿದರು. ಟಾಕಿ ಬಾಯಿ ಬಿಟ್ಟದ್ದೇ ಕಳ್ಳರ ಕಥೆ ಹೇಳುತ್ತಾ ಎಂದರೆ ಅತಿಯಾಗದು.

ಮುಂದಿನ ವರ್ಷ ಇಂಗ್ಲೆಂಡಿನ ನಿರ್ದೇಶಕ ಹಿಚ್‌ಕಾಕ್ "ಬ್ಲ್ಯಾಕ್‌ಮೇಲ್" ತೆಗೆದರು. ಮೂಕಿಯಾಗಿ ಶುರುಮಾಡಿ ನಡುವೆ ಟಾಕಿಗೆ ಹೊರಳಿದ ಚಿತ್ರ. ರಾತ್ರಿ ಮಾನ ಉಳಿಸಿಕೊಳ್ಳಲು ಒಬ್ಬನನ್ನು ಚಾಕುವಿನಿಂದ ಇರಿದ ಹುಡುಗಿ ಬೆಳಿಗ್ಗೆ ಮನೆಯವರ ಜೊತೆ ತಿಂಡಿಗೆ ಕೂತಿದ್ದಾಳೆ. ನೆರೆಮನೆಯ ಹೆಂಗಸು ಬಂದು ಅದೇ ಕೊಲೆಯ ಸುದ್ದಿ ಹರಟುತ್ತಾಳೆ. ಅವಳ ಮಾತೆಲ್ಲ ಕಲಸಿ ಗೊಜ್ಜಾಗಿ, "ಚಾಕು" ಎಂಬ ಒಂದು ಪದ ಮಾತ್ರ ಮತ್ತೆ ಮತ್ತೆ ಸ್ಪಷ್ಟವಾಗಿ ಕೇಳುತ್ತದೆ. ಕೈಯಲ್ಲಿದ್ದ ಬ್ರೆಡ್ಡಿನ ಚಾಕು ಹಾರಿ ಬೀಳುತ್ತದೆ. ಆ ನಾಯಕಿ ಆನಿ ಒಂದ್ರಾಳ ಇಂಗ್ಲಿಷ್ ಉಚ್ಚಾರ ಲಂಡನ್ನಿನ ಹುಡುಗಿಗೆ ಹೊಂದುತ್ತಿರಲಿಲ್ಲ. ಡಬ್ಬಿಂಗ್ ಆಗ ಸಾಧ್ಯವಿರಲಿಲ್ಲ. ಹಾಗಾಗಿ ಜೋನ್ ಬ್ಯಾರಿ ಎಂಬ ನಟಿ ಕ್ಯಾಮೆರಾಕ್ಕೆ ಕಾಣದ ಹಾಗೆ ನಿಂತು ಮಾತು ಹೇಳಿದರು, ಒಂದ್ರಾ ಬಾಯಿ ಆಡಿಸಿದರು.

1931ರಲ್ಲಿ ಜರ್ಮನಿಯ ಫ್ರಿಟ್ಸ್ ಲಾಂಗ್ "ಎಂ" ಮಾಡಿದರು. ಮಕ್ಕಳನ್ನು ಕೊಲ್ಲುವ ಒಬ್ಬ. ಮನಸ್ಸು ಕೆಟ್ಟಾಗ ಒಂದು ರಾಗವನ್ನು ಸಿಳ್ಳೆ ಹಾಕುತ್ತಾನೆ. ಇಡೀ ನಗರದ ಪೊಲೀಸರು ಹುಡುಕುತ್ತಿದ್ದರೆ, ಅವನನ್ನು ಗುರುತಿಸುವುದು ಬಲೂನು ಮಾರುವ ಒಬ್ಬ ಕುರುಡ. ಸಿಳ್ಳೆ ಕೇಳಿ! ಮೂಕಿ ಚಿತ್ರದಲ್ಲಿ ಇದನ್ನು ಹೇಗೆ ತೋರಿಸುತ್ತೀರಿ? ಕೊಲೆಗಾರನಾದ ಪೀಟರ್ ಲೊರೆಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲವಾದ್ದರಿಂದ ನಿರ್ದೇಶಕರೇ ಹಾಕಿದರು ಎನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ.

ಧ್ವನಿ ಕೈಗೆ ಸಿಕ್ಕಿದಾಗ ಎಲ್ಲ ಕಡೆಯೂ ಹೆಚ್ಚಿನವರು ಹಾಡಿಸಿದರು, ಇಲ್ಲವೇ ಉದ್ದುದ್ದ ಭಾಷಣ ಮಾಡಿಸಿದರು. ಬಾಗಿಲು ಕಿರ್ರೆನ್ನುವುದು, ಹೆಜ್ಜೆ ಸದ್ದು ಒಮ್ಮೆಗೇ ನಿಲ್ಲುವುದು, ಫೋನು ಹೊಡೆದುಕೊಂಡರೂ ಯಾರೂ ಎತ್ತದಿರುವುದು, ಇವುಗಳಿಂದ ಕಥೆ ಹೇಳಬಹುದು ಎಂದು ಕಂಡುಕೊಂಡವರು ಈ ಮರ್ಯಾದೆಯಿಲ್ಲದ ಚಿತ್ರಗಳವರು. ಪತ್ತೇದಾರಿ ಕಾದಂಬರಿಯನ್ನು ಪಠ್ಯಪುಸ್ತಕದೊಳಗೆ ಮುಚ್ಚಿಟ್ಟು ಓದಿದ ತಲೆಮಾರು ನಮ್ಮದು. ಆ ಪುಸ್ತಕಗಳಿಗೆ ಗ್ರಂಥಾಲಯದ ಕಪಾಟಿನಲ್ಲಿ ಜಾಗ ಸಿಗದೆ ಹೋದದ್ದೂ, ಈ ರೀಲುಗಳಿಗೆ ಸಂಗ್ರಹಾಲಯದಲ್ಲಿ ಜಾಗ ಸಿಗದೆ ಹೋದದ್ದೂ ಒಂದೇ ಕಾರಣಕ್ಕೆ.

ನಮ್ಮ ದೇಶದಲ್ಲಿ? 1931ರ ಮಾರ್ಚ್ 14ಕ್ಕೆ ದೇಶದ ಮೊದಲ ಟಾಕಿ "ಆಲಂ ಆರಾ" ಬಂತು. ಅದರ ಪ್ರತಿಯೇ ಇಲ್ಲ. ಆಮೇಲೆ ಪುರಾಣ, ಭಕ್ತಿ, ನಾಟಕ ಕಂಪನಿಗಳ ಕಥೆಗಳದ್ದೇ ಭರಾಟೆ. ಅದರ ನಡುವೆಯೂ ಕೊಲೆ, ಕಳವಿನ ಚಿತ್ರಗಳು ಬಂದವು. ಬಾಂಬೆ ಟಾಕೀಸ್ ಎಂಬ ಚಿತ್ರ ಕಂಪನಿ ಅಂದರೆ ಎಲ್ಲರಿಗೂ ಪ್ರೇಮಕಥೆ ನೆನಪಾಗುತ್ತದೆ. ಅವರ ಮೊದಲ ಚಿತ್ರ, 1935ರ "ಜವಾನಿ ಕಿ ಹವಾ", ರೈಲಿನಲ್ಲಿ ನಡೆಯುವ ಕೊಲೆಯ ಕಥೆ. ಮರುವರ್ಷ ವಾಡಿಯಾ ಕಂಪನಿಯವರ "ಮಿಸ್ ಫ್ರಂಟಿಯರ್ ಮೇಲ್" ಬಂತು. ಅದರಲ್ಲಿ ನಾಯಕಿ ನಾಡಿಯಾ ರೈಲಿನ ಮೇಲೆ ನಿಂತು ಹೊಡೆದಾಡುತ್ತಾರೆ, ಮುಖ ಮುಚ್ಚಿಕೊಂಡ ಖಳನಿಗೆ "ಸಿಗ್ನಲ್ ಎಕ್ಸ್" ಎಂದು ಹೆಸರು. ಅದೇ 1936ರಲ್ಲಿ ಎಲಿಸ್ ಡಂಗನ್ ನಿರ್ದೇಶಿಸಿದ ತಮಿಳಿನ "ಸತಿ ಲೀಲಾವತಿ"ಯಲ್ಲಿ, ಕುಡಿದ ಅಮಲಿನಲ್ಲಿ ಗೆಳೆಯನನ್ನು ಕೊಂದೆ ಎಂದುಕೊಂಡು ನಾಯಕ ಸಿಲೋನಿಗೆ ಓಡಿಹೋಗುತ್ತಾನೆ. ಎಂ.ಜಿ.ಆರ್. ಮೊದಲ ಸಲ ತೆರೆಯ ಮೇಲೆ ಬಂದದ್ದು ಅದರಲ್ಲೇ, ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ಆಗಿ. 1943ರ "ಕಿಸ್ಮತ್" ಹೊತ್ತಿಗಂತೂ ಜೇಬುಗಳ್ಳನೇ ನಾಯಕ. ಕಲ್ಕತ್ತೆಯ ಒಂದೇ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು.

ಕನ್ನಡದಲ್ಲಿ ಆ ಕಾಲಕ್ಕೆ ಟಾಕಿಗಳೇ ಬೆರಳೆಣಿಕೆಯಷ್ಟು. ಆದ್ದರಿಂದ ಕಾಸರಗೋಡಿನ ನಮ್ಮ ಅಜ್ಜಂದಿರು ಟೆಂಟಿನಲ್ಲಿ ಕೂತು ನೋಡಿ ಬೆವತ ಪತ್ತೇದಾರಿ ಚಿತ್ರ ಕನ್ನಡದ್ದಾಗಿರಲಿಲ್ಲ. ತಮಿಳು, ಹಿಂದಿ, ಕೆಲವೊಮ್ಮೆ ಇಂಗ್ಲಿಷ್. ನೋಡಿದವರು ಕನ್ನಡದವರು, ತುಳುವರು, ಮಲಯಾಳದವರು, ಬ್ಯಾರಿಗಳು. ಈಗ ಹೇಳಿ, ಅದು ಯಾರ ಚಿತ್ರ?

ಯಾವ ಭಾಷೆ, ಯಾವ ರಾಜ್ಯ ಎಂದು ಕೇಳುವ ಮೊದಲು ದಯವಿಟ್ಟು ಇದನ್ನೊಂದು ನೋಡಿ. 1934ರ ಮಾರ್ಚ್ 3ರಂದು ಬಿಡುಗಡೆಯಾದ ಕನ್ನಡದ ಮೊದಲ ಟಾಕಿ "ಸತಿ ಸುಲೋಚನ"ದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ, ಇವತ್ತಿನ ಮಹಾರಾಷ್ಟ್ರದ ಗಡಿ ಜಿಲ್ಲೆಯಲ್ಲಿ. ಅದರ ಪ್ರತಿಯೂ ಉಳಿದಿಲ್ಲ. ಮಲಯಾಳದ ಮೊದಲ ಟಾಕಿ, 1938ರ "ಬಾಲನ್", ತಯಾರಿಸಿದ್ದು ಸೇಲಂನ ಮಾಡರ್ನ್ ಥಿಯೇಟರ್ಸ್. ಎರಡೂ ಭಾಷೆಗಳ ಟಾಕಿ ಹುಟ್ಟಿದ್ದೇ ನೆರೆಮನೆಯಲ್ಲಿ. 1956ರಲ್ಲಿ ರಾಜ್ಯಗಳ ನಡುವೆ ಎಳೆದ ಗೆರೆಯನ್ನು 1936ರ ರೀಲಿಗೆ ಅನ್ವಯಿಸುವುದು ಯಾವ ನ್ಯಾಯ?

ಭಾಷೆಯನ್ನು ಹಿಡಿದು ಕೂತರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ. ಅಮೆರಿಕದಲ್ಲಿ 1931ರಲ್ಲಿ "ಚಾರ್ಲಿ ಚಾನ್ ಕ್ಯಾರೀಸ್ ಆನ್" ಎಂಬ ಪತ್ತೇದಾರಿ ಚಿತ್ರ ಬಂತು. ಆ ಚಿತ್ರ ಇವತ್ತಿಗೆ ಇಲ್ಲ. ಆದರೆ ಆಗಿನ ಪದ್ಧತಿಯಂತೆ ಅದೇ ಕಥೆಯನ್ನು ಸ್ಪ್ಯಾನಿಷ್ ಮಾತಾಡುವ ನಟರನ್ನು ಹಾಕಿ ಇನ್ನೊಮ್ಮೆ ತೆಗೆದಿದ್ದರು. ಅದು ಉಳಿದಿದೆ. ಇಂಗ್ಲಿಷ್ ಚಿತ್ರ ಹೇಗಿತ್ತು ಎಂದು ತಿಳಿಯಬೇಕಾದವರು ಇವತ್ತು ಸ್ಪ್ಯಾನಿಷ್ ಚಿತ್ರ ನೋಡುತ್ತಾರೆ. "ಇದು ನಮ್ಮ ಭಾಷೆಯದ್ದಲ್ಲ" ಎಂದು ಯಾರಾದರೂ ಅದನ್ನು ಎಸೆದಿದ್ದರೆ ಎರಡೂ ಇರುತ್ತಿರಲಿಲ್ಲ.

ಇನ್ನು, ಹುಡುಕಾಟಕ್ಕೆ ಗಡಿನಾಡೇ ಯಾಕೆ? ಬೆಂಗಳೂರು, ಚೆನ್ನೈ, ಮುಂಬಯಿಯಲ್ಲಿ ಸಿಗದ್ದು ಇಲ್ಲಿ ಸಿಗುತ್ತದೆಯೇ ಎಂದು ನೀವು ಕೇಳ್ತೀರಿ. ಸಿಗುವ ಸಾಧ್ಯತೆ ಇಲ್ಲೇ ಜಾಸ್ತಿ ಎನ್ನುವುದು ನನ್ನ ವಾದ. ಆಗ ನಾವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಚಿತ್ರದ ಪೆಟ್ಟಿಗೆ ಮದರಾಸಿನಿಂದ ಶೋರನೂರು ದಾಟಿ ಕರಾವಳಿಯ ರೈಲಿನಲ್ಲಿ ಬರಬೇಕು. 1907ರಲ್ಲಿ ಮಂಗಳೂರು ಮುಟ್ಟಿದ ಆ ಹಳಿ ಅಲ್ಲಿಗೇ ಮುಗಿಯುತ್ತಿತ್ತು. ಹಾಸನದ ಕಡೆಗೆ ರೈಲು ಶುರುವಾದದ್ದು 1979ರಲ್ಲಿ. ಅಂದರೆ ನಾವು ಹಳಿಯ ಕೊನೆಯವರು. ದೊಡ್ಡ ಪೇಟೆಗಳಲ್ಲಿ ಓಡಿ ಸವೆದ ಪ್ರಿಂಟು ನಮ್ಮಲ್ಲಿಗೆ ಕೊನೆಗೆ ಬರುತ್ತಿತ್ತು. ಗೀರು ಬಿದ್ದ ಆ ಪ್ರಿಂಟನ್ನು ರೈಲಿನ ಬಾಡಿಗೆ ಕೊಟ್ಟು ವಾಪಸ್ ತರಿಸಿಕೊಳ್ಳುವ ಆಸೆ ಹಂಚಿಕೆದಾರನಿಗೆ ಎಷ್ಟಿದ್ದೀತು?

ಇದು ಬರೀ ಊಹೆಯಲ್ಲ, ಬೇರೆ ಕಡೆ ಆದದ್ದೇ. ಕೆನಡಾದ ವಾಯವ್ಯ ಮೂಲೆಯಲ್ಲಿ ಡಾಸನ್ ಸಿಟಿ ಎಂಬ ಚಿನ್ನದ ಗಣಿಯ ಊರಿದೆ. ಅದೂ ಹಂಚಿಕೆಯ ಕೊನೆಯ ಊರು. ವಾಪಸ್ ಕಳಿಸಲು ಖರ್ಚು ಜಾಸ್ತಿ ಎಂದು ಅಲ್ಲೇ ಬಿಟ್ಟ ರೀಲುಗಳನ್ನು ಹಳೆಯ ಈಜುಕೊಳ ಮುಚ್ಚುವಾಗ ಮಣ್ಣಿನ ಜೊತೆ ತುಂಬಿಸಿದ್ದರು. 1978ರಲ್ಲಿ ಅಗೆದಾಗ ಐನೂರಕ್ಕೂ ಹೆಚ್ಚು ರೀಲು ಮೂಕಿ ಚಿತ್ರಗಳು ಸಿಕ್ಕಿದವು. ಬೇರೆಲ್ಲೂ ಇಲ್ಲದವು ಅದರಲ್ಲಿ ಎಷ್ಟೋ ಇದ್ದವು. ಅಲ್ಲಿ ಕಾಪಾಡಿದ್ದು ಹಿಮಗಟ್ಟಿದ ನೆಲ. ನಮ್ಮಲ್ಲಿ ಆ ಭಾಗ್ಯ ಇಲ್ಲ. ನಮ್ಮ ನೆಲ ಯಾವುದನ್ನೂ ಉಳಿಸುವುದಿಲ್ಲ. ಅದಕ್ಕೇ ಅವಸರ ಮಾಡುತ್ತಿದ್ದೇನೆ.

ರೀಲು ಹೋದರೂ ಕಾಗದ ಉಳಿಯುತ್ತದೆ. ಆ ಪೆಟ್ಟಿಗೆಯಲ್ಲಿದ್ದ ಹಾಡಿನ ಪುಸ್ತಕ ನನ್ನ ಹತ್ತಿರ ಇದೆ. ಹೊಸಬರಿಗೆ ಹೇಳುವುದಾದರೆ, ಆಗ ಥಿಯೇಟರಿನ ಬಾಗಿಲಲ್ಲಿ ಕಾಸಿಗೊಂದು ಹೀಗೆ ಮಾರುತ್ತಿದ್ದ ತೆಳು ಪುಸ್ತಕ. ನಟರ ಹೆಸರು, ಕಥೆಯ ಸಾರಾಂಶ, ಹಾಡುಗಳು. ನಮ್ಮದರಲ್ಲಿ ಹೊದಿಕೆಯೂ ಮೊದಲ ಹಾಳೆಯೂ ಇಲ್ಲ, ಹಾಗಾಗಿ ಚಿತ್ರದ ಹೆಸರಿಲ್ಲ. ಮದರಾಸಿನ ಹೋಟೆಲಿನಲ್ಲಿ ದುಡಿದು ಬಂದ ನಮ್ಮೂರ ಹಿರಿಯರೊಬ್ಬರು ಕನ್ನಡಕ ಏರಿಸಿ ಪೂರ್ತಿ ಓದಿ ಹೇಳಿದರು. ಒಬ್ಬ ಜಮೀನ್ದಾರ. ಉಯಿಲು ಬದಲಿಸುವ ಹಿಂದಿನ ರಾತ್ರಿ ಅವನ ಕೊಲೆ. ಸಂಶಯ ತಮ್ಮನ ಮಗನ ಮೇಲೆ, ವಕೀಲನ ಮೇಲೆ, ಮನೆಗೆ ಬಂದುಹೋಗುವ ಡಾಕ್ಟರನ ಮೇಲೆ. ಸಿ.ಐ.ಡಿ. ಅಧಿಕಾರಿ ಹಾವಾಡಿಗನ ವೇಷದಲ್ಲಿ ಮನೆಯೊಳಗೆ ಸೇರಿಕೊಳ್ಳುತ್ತಾನೆ (ಅವನಿಗೂ ಒಂದು ಹಾಡಿದೆ, ಆ ಕಾಲದಲ್ಲಿ ಹಾಡಿಲ್ಲದೆ ಪತ್ತೇದಾರಿಯೂ ನಡೆಯುತ್ತಿರಲಿಲ್ಲ). ಕೊನೆಗೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಸೇರಿಸುತ್ತಾನೆ. ದೀಪ ಆರುತ್ತದೆ. ಗುಂಡಿನ ಸದ್ದು ಕೇಳುತ್ತದೆ. ಅಲ್ಲಿಗೆ ಸಾರಾಂಶ ಮುಗಿದು, "ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ಕಾಣಿರಿ" ಎಂದು ಅಚ್ಚಾಗಿದೆ.

ಆ ಕಾಲದ ಹಾಡಿನ ಪುಸ್ತಕಗಳಲ್ಲಿ ಇದೇ ರೂಢಿ. ಅರ್ಧ ಕಥೆ ಹೇಳಿ ಟಿಕೆಟು ತೆಗೆಸುವ ಉಪಾಯ. ಭಕ್ತಿ ಚಿತ್ರವಾದರೆ ನಷ್ಟವಿಲ್ಲ, ಪ್ರಹ್ಲಾದನ ಕಥೆ ಹೇಗೆ ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಪತ್ತೇದಾರಿ ಚಿತ್ರದ ರೀಲು ಹೋದರೆ ಉತ್ತರವೇ ಹೋಯಿತು. ನಾವು ಕಿಟಕಿಯ ಬೆಳಕಿನಲ್ಲಿ ಕಂಡ ಟೋಪಿಯವನು ಆ ಡಾಕ್ಟರನೋ, ವಕೀಲನೋ, ಅಥವಾ ಬೇರೆ ಯಾವುದೋ ಚಿತ್ರದ ಇನ್ಯಾರೋ. ನೋಡಿ ಹೇಳಬಲ್ಲ ಒಬ್ಬ ತಜ್ಞರನ್ನು ಒಂದು ದಿನದ ಮಟ್ಟಿಗೆ ಕಳಿಸಿದ್ದರೂ ಸಾಕಿತ್ತು. ಫಿಲ್ಮಿನ ಅಂಚಿನಲ್ಲಿ ಕಂಪನಿ ಒತ್ತಿದ ವೃತ್ತ, ಚೌಕ, ತ್ರಿಕೋನಗಳ ಗುರುತು ಇರುತ್ತದೆ. ಅದನ್ನು ಓದಲು ಬರುವವರು ಫಿಲ್ಮು ಯಾವ ವರ್ಷ ತಯಾರಾದದ್ದು ಎಂದು ಹೇಳುತ್ತಾರೆ.

ಇನ್ನು ನನ್ನ ಕೋರಿಕೆಗಳು. ದೊಡ್ಡ ಮ್ಯೂಸಿಯಂ ಕಟ್ಟಿ ಎಂದು ಕೇಳುವುದಿಲ್ಲ. ಕಟ್ಟಿದರೆ ಉದ್ಘಾಟನೆಯ ಫಲಕ ಮಾತ್ರ ಉಳಿಯುತ್ತದೆ ಎಂದು ನಮಗೂ ಗೊತ್ತು.

ಎಲ್ಲಕ್ಕಿಂತ ಮೊದಲು, ಇಬ್ಬರೂ ಸೇರಿ ಒಂದು ಫೋನ್ ನಂಬರು ಕೊಡಿ. ಹಳೆಯ ರೀಲು ಸಿಕ್ಕಿದೆ ಎಂದು ಯಾರಾದರೂ ಹೇಳಿದರೆ, ಭಾಷೆ ಯಾವುದು, ಚಿತ್ರ ಯಾವುದು, ಊರು ಯಾವ ಕಡೆಯದ್ದು ಎಂದು ಕೇಳದೆ ಬರೆದುಕೊಳ್ಳುವ ನಂಬರು. ಕೇಳಬೇಕಾದ ಪ್ರಶ್ನೆಗಳು ಬೇರೆ: ವಾಸನೆ ಹೇಗಿದೆ, ಅಂಟಾಗಿದೆಯೇ, ಡಬ್ಬ ಎಲ್ಲಿಟ್ಟಿದ್ದೀರಿ, ಹತ್ತಿರ ಒಲೆ ಇದೆಯೇ. ಆಮೇಲೆ ಒಂದು ವಾರದೊಳಗೆ ಯಾರಾದರೂ ಬಂದು ನೋಡಬೇಕು. ನೈಟ್ರೇಟ್ ಆಗಿದ್ದರೆ ನಾವು ಅದನ್ನು ಬಸ್ಸಿನಲ್ಲೋ ರೈಲಿನಲ್ಲೋ ತರಲು ಆಗುವುದಿಲ್ಲ, ತರಲೂ ಬಾರದು. ತಂಪು ಪೆಟ್ಟಿಗೆಯ ಒಂದು ಗಾಡಿ ಬೇಕು. ಮೀನು ಸಾಗಿಸಲು ನಮ್ಮ ಕಡೆ ಅಂಥ ಗಾಡಿ ದಿನಾ ಓಡಾಡುತ್ತದೆ. ಸಿನಿಮಾಕ್ಕೆ ಒಂದು ಸಿಗದೇ?

ಎರಡನೆಯದು, ಹೆದರಿಕೆ ಬಿಡಿಸಿ. ರೀಲು ಇದೆ ಎಂದರೆ ಪೊಲೀಸರು ಬರುತ್ತಾರೆ, ಹಕ್ಕುದಾರರು ಕೇಸು ಹಾಕುತ್ತಾರೆ ಎಂದು ಎಷ್ಟೋ ಮನೆಗಳಲ್ಲಿ ಸುಮ್ನೆ ಮುಚ್ಚಿಡುತ್ತಾರೆ, ಇಲ್ಲವೇ ಸುಡುತ್ತಾರೆ. ನಮ್ಮ ಕಾನೂನಿನ ಪ್ರಕಾರ ಚಿತ್ರದ ಹಕ್ಕು ಬಿಡುಗಡೆಯಾಗಿ 60 ವರ್ಷ. ಮೂವತ್ತು, ನಲವತ್ತರ ದಶಕದ ಚಿತ್ರಗಳ ಅವಧಿ ಎಂದೋ ಮುಗಿದಿದೆ. ಇದನ್ನು ಕನ್ನಡ, ಮಲಯಾಳ ಎರಡರಲ್ಲೂ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಪಂಚಾಯತಿನಲ್ಲಿ, ಗುಜರಿ ಅಂಗಡಿಯಲ್ಲಿ ಅಂಟಿಸಿ. ಗುಜರಿಯವರನ್ನು ಕೀಳಾಗಿ ನೋಡಬೇಡಿ. ಹಿಂದೆ ರೀಲಿನಿಂದ ಬೆಳ್ಳಿ ತೆಗೆಯಲು ಕೊಂಡವರು ಅವರೇ, ನಿಜ. ಈಗ ಯಾವ ಮನೆಯ ಅಟ್ಟ ಯಾವಾಗ ಖಾಲಿಯಾಗುತ್ತದೆ ಎಂದು ಗೊತ್ತಿರುವವರೂ ಅವರೇ. ತೂಕದ ಬೆಲೆಗಿಂತ ನಾಲ್ಕು ಕಾಸು ಜಾಸ್ತಿ ಕೊಟ್ಟರೆ ಅವರೇ ನಿಮ್ಮ ಪತ್ತೇದಾರರು.

ಕೇರಳದ ಅಧಿಕಾರಿಗಳಿಗೆ ಇಲ್ಲಿ ಒಂದು ವಿಶೇಷ ಮಾತು. 1933ರ ಮೂಕಿ ಚಿತ್ರ "ಮಾರ್ತಾಂಡವರ್ಮ" ಉಳಿದದ್ದು ಹೇಗೆ ಎಂದು ನಿಮಗೆ ಗೊತ್ತು. ಅದಕ್ಕೆ ಆಧಾರವಾದ ಕಾದಂಬರಿಯ ಪ್ರಕಾಶಕರು ಕೇಸು ಹಾಕಿ, ಪ್ರಿಂಟು ಅವರ ಪುಸ್ತಕದಂಗಡಿಯಲ್ಲೇ ಉಳಿದುಬಿಟ್ಟಿತು. ದಶಕಗಳ ಮೇಲೆ ಅಲ್ಲಿಂದ ಪುಣೆಯ ಸಂಗ್ರಹಕ್ಕೆ ಹೋಯಿತು. ಜಗಳ ಆಡಿದ್ದರಿಂದ ಚಿತ್ರ ಉಳಿಯಿತು! 1964ರಲ್ಲಿ ಶುರುವಾದ ಆ ಸಂಗ್ರಹವನ್ನು ಕಟ್ಟಿ ಬೆಳೆಸಿದವರು ನಿಮ್ಮದೇ ನಾಡಿನ ಪಿ.ಕೆ. ನಾಯರ್. ಅವರು ಒಳ್ಳೆಯ ಚಿತ್ರ, ಕೆಟ್ಟ ಚಿತ್ರ ಎಂದು ಭೇದ ಮಾಡದೆ ಕೈಗೆ ಸಿಕ್ಕಿದ್ದನ್ನೆಲ್ಲ ಕೂಡಿಟ್ಟವರು. ಕೋರ್ಟುಗಳ, ಪೊಲೀಸ್ ಠಾಣೆಗಳ ಹಳೆಯ ಸಾಮಾನಿನ ಕೋಣೆಗಳನ್ನು ಒಮ್ಮೆ ನೋಡಿಸಿ. ಬಾಡಿಗೆ ಬಾಕಿಯ ಜಗಳದಲ್ಲಿ ಹಿಡಿದಿಟ್ಟ ಪೆಟ್ಟಿಗೆಗಳು ಅಲ್ಲಿ ಇರಬಾರದೆಂದೇನೂ ಇಲ್ಲ.

ಕರ್ನಾಟಕದ ಅಧಿಕಾರಿಗಳಿಗೆ: ಟೆಂಟು ಹಾಕಲು, ಟಾಕೀಸು ನಡೆಸಲು 1918ರ ಕಾಯ್ದೆಯ ಕಾಲದಿಂದಲೂ ಲೈಸೆನ್ಸು ಬೇಕಿತ್ತು. ಕಾಸರಗೋಡು ಆಗ ಮಂಗಳೂರಿನ ಕಲೆಕ್ಟರರ ಕೆಳಗೆ. ಆ ಹಳೆಯ ಕಡತಗಳಲ್ಲಿ ಯಾರು, ಎಲ್ಲಿ, ಯಾವ ವರ್ಷ ಟೆಂಟು ಹಾಕಿದರು ಎಂಬುದು ಇದ್ದರೆ, ಯಾವ ಮನೆಯ ಅಟ್ಟ ಹುಡುಕಬೇಕು ಎಂದು ಅರ್ಧ ಉತ್ತರ ಸಿಕ್ಕಿದ ಹಾಗೆ. ಗೆದ್ದಲು ತಿನ್ನುವ ಮೊದಲು ಅವನ್ನು ಸ್ಕ್ಯಾನ್ ಮಾಡಿಸಿ, ಕುತೂಹಲ ಇರುವವರಿಗೆ ತೆರೆಯಿರಿ. ಕೆಲಸ ಮಾಡುವ ಹುಡುಗರು ನಮ್ಮ ಕಾಲೇಜುಗಳಲ್ಲಿ ಇದ್ದಾರೆ. ಸಂಬಳ ಕೇಳುವುದಿಲ್ಲ, ಗುರುತಿನ ಚೀಟಿ ಕೊಟ್ಟರೆ ಸಾಕು.

ಮತ್ತೆ ಆಪರೇಟರುಗಳು. ಕಾರ್ಬನ್ ಕಡ್ಡಿಯ ಬೆಳಕಿನಲ್ಲಿ ರೀಲು ಓಡಿಸಿದವರು ಈಗ ಕೆಲವರೇ ಉಳಿದಿದ್ದಾರೆ. ಅವರ ಗುರುಗಳು ನೈಟ್ರೇಟ್ ಕಾಲದವರು. ಯಾವ ಚಿತ್ರಕ್ಕೆ ಜನ ಎದ್ದು ನಿಂತರು, ಯಾವುದರ ನಡುವೆ ರೀಲು ಹೊತ್ತಿಕೊಂಡಿತು, ತುಂಡಾದ ಫಿಲ್ಮನ್ನು ಮಕ್ಕಳು ಹೇಗೆ ನೀರು ತುಂಬಿದ ಬಲ್ಬಿನ ಮುಂದೆ ಹಿಡಿದು ಗೋಡೆಯ ಮೇಲೆ ಸಿನಿಮಾ ಬಿಟ್ಟರು, ಇದೆಲ್ಲ ಅವರ ಬಾಯಲ್ಲಿ ಮಾತ್ರ ಇದೆ. ಒಂದು ರೆಕಾರ್ಡರು ಸಾಕು, ಮೊಬೈಲ್ ಆದರೂ ನಡೆಯುತ್ತದೆ. ನಾವು ಕೆಲವರು ಈಗಾಗಲೇ ಶುರುಮಾಡಿದ್ದೇವೆ. ನೀವು ಬಂದರೆ ಅದಕ್ಕೆ ಇಡುವ ಜಾಗ ಸಿಗುತ್ತದೆ.

ಕೊನೆಯದಾಗಿ, ಉಳಿದಿರುವ ಚಿತ್ರಗಳನ್ನಾದರೂ ನಮಗೆ ತೋರಿಸಿ. ನಿಮ್ಮ ಚಿತ್ರೋತ್ಸವಗಳು ಬೆಂಗಳೂರಿನಲ್ಲಿ, ತಿರುವನಂತಪುರದಲ್ಲಿ. ನಾವು ಎರಡಕ್ಕೂ ದೂರ. ವರ್ಷಕ್ಕೊಮ್ಮೆ ಮೂರು ದಿನ ಕಾಸರಗೋಡಿನಲ್ಲಿ ಒಂದು ಸಭಾಂಗಣ ಹಿಡಿದು "ಎಂ", "ಬ್ಲ್ಯಾಕ್‌ಮೇಲ್", "ಮಿಸ್ ಫ್ರಂಟಿಯರ್ ಮೇಲ್", "ಕಿಸ್ಮತ್" ಹಾಕಿ. ಕೆಳಗೆ ಒಂದು ಸಾಲು ಕನ್ನಡ, ಒಂದು ಸಾಲು ಮಲಯಾಳ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಅಭ್ಯಾಸವಿರುವ ಊರು ನಮ್ಮದು, ಪ್ರೇಕ್ಷಕರ ಚಿಂತೆ ಬೇಡ. ಸಿಳ್ಳೆ ಕೇಳಿ ಕುರುಡ ತಲೆಯೆತ್ತುವ ಆ ಕ್ಷಣವನ್ನು ಇನ್ನೂರು ಜನರ ಜೊತೆ ಕೂತು ನೋಡಿದ ಒಬ್ಬ ಹುಡುಗಿಯೋ ಹುಡುಗನೋ ಮನೆಗೆ ಹೋಗಿ ಅಟ್ಟ ಹತ್ತದೆ ಇರುವುದಿಲ್ಲ.

ಈ ಪತ್ರದ ಒಂದೊಂದು ಪ್ರತಿಯನ್ನು ಎರಡೂ ರಾಜಧಾನಿಗಳಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಹಾಡಿನ ಪುಸ್ತಕದ ಎಲ್ಲ ಪುಟಗಳ ಜೆರಾಕ್ಸ್ ಜೊತೆಗಿದೆ. ನಿಮ್ಮ ಉತ್ತರ ಕನ್ನಡದಲ್ಲಿದ್ದರೂ ಸರಿ, ಮಲಯಾಳದಲ್ಲಿದ್ದರೂ ಸರಿ, ನಮಗೆ ಎರಡೂ ಬರುತ್ತದೆ. ಇನ್ನೊಂದು ಕಚೇರಿಯ ವಿಳಾಸ ಮಾತ್ರ ಕಳಿಸಬೇಡಿ.

ಇತಿ ತಮ್ಮ ವಿಶ್ವಾಸಿ,
ಹಳೆಯ ಟಾಕಿಗಳ ಒಬ್ಬ ಪ್ರೇಕ್ಷಕ
ಕುಂಬಳೆ, ಕಾಸರಗೋಡು ಜಿಲ್ಲೆ